ಗೇಮಲ್ಲಿ ಅಸಲಿ ಹೆಸರು ಹಾಕ್ಲೇಬೇಕು ಅಂತಾದ್ರೆ? ಮನೆಹೆಸರಿನ ಊರಿಂದ ಒಂದು ವಿವರಣೆ

ಜುಲೈ ಬಂತು ಅಂದ್ರೆ ನಮ್ಮ ಕೊಡಗಲ್ಲಿ ಮಳೆ ರಜೆ ಶುರುವಾಗತ್ತೆ. ಡಿಸಿಯವ್ರು ರಜೆ ಕೊಟ್ಟ ಮೆಸೇಜು ವಾಟ್ಸಾಪ್ ಗ್ರೂಪಿಗೆ ಬಿದ್ದು ನಾವಿನ್ನೂ ಕಾಫಿ ಕುಡ್ದು ಮುಗಿಸಿರಲ್ಲ, ಅಷ್ಟರಲ್ಲಿ ಮಕ್ಕಳು ಮೂಲೇಲಿ ಫೋನ್ ಹಿಡ್ಕೊಂಡು ಕೂತಾಗಿರತ್ತೆ, ಕರೆಂಟ್ ಇದ್ದು ಟವರೂ ಸಿಕ್ತಾ ಇದ್ರೆ ಸಂಜೆ ತನಕ ಏಳೋ ಮಾತೇ ಇಲ್ಲ. ಒಳಗಿಂದ ಕೇಳಿಸ್ಕೊಳ್ತಾ ಇರೋ ಅಮ್ಮಂದ್ರಿಗೆ ಒಂದೇ ಅನುಮಾನ, ಇವ್ನು ಮೈಕಲ್ಲಿ ಯಾರ ಹತ್ರ ಮಾತಾಡ್ತಾ ಇದಾನೆ? ಬಂದು ಸ್ಕ್ರೀನ್ ನೋಡಿದ್ರೆ ಮನುಷ್ಯರ ಹೆಸ್ರೇ ಇಲ್ಲ, ಒಬ್ಬ ಡೆವಿಲ್, ಇನ್ನೊಬ್ಬ ಸೈಕೋ, ಮತ್ತೊಬ್ಬಂದು ಓದಕ್ಕೂ ಆಗದ ಚಿತ್ರವಿಚಿತ್ರ ಅಕ್ಷರ.

ಆಗ ಬರೋ ಮಾತು ಇದು: ಎಲ್ರೂ ಆಧಾರ್ ಹಾಕಿ ಅಸಲಿ ಹೆಸರಲ್ಲೇ ಆಡ್ಬೇಕು ಅಂತ ರೂಲ್ಸ್ ಮಾಡ್ಬಿಟ್ರೆ ಬೈಗುಳ, ಮೋಸ ಎಲ್ಲ ನಿಂತೋಗಲ್ವಾ? ಕೇಳಕ್ಕೆ ಸರಿ ಅನ್ಸತ್ತೆ. ಅದೂ ಅಲ್ದೆ 2025ರ ಆಗಸ್ಟಲ್ಲಿ ಆನ್‌ಲೈನ್ ಗೇಮಿಂಗ್ ಬಗ್ಗೆ ಕೇಂದ್ರದ ಹೊಸ ಕಾನೂನು ಬಂತು, ನವೆಂಬರಲ್ಲಿ ಡೇಟಾ ರಕ್ಷಣೆಯ ನಿಯಮಗಳು ಬಂದ್ವು, 2026ರ ಜನವರಿಯಿಂದ ರೋಬ್ಲಾಕ್ಸ್ ಗೇಮಲ್ಲಿ ಚಾಟ್ ಮಾಡ್ಬೇಕಾದ್ರೆ ಮುಖ ತೋರಿಸಿ ವಯಸ್ಸು ಚೆಕ್ ಮಾಡಿಸ್ಕೊಳ್ಳಿ ಅಂತ ಕೇಳಕ್ಕೆ ಶುರುವಾಯ್ತು. ಇದೆಲ್ಲ ಕಲಸಿಹೋಗಿ ಎಲ್ಲೆಲ್ಲೂ ಹೆಸರು ಕಡ್ಡಾಯ ಆಗಿದೆ ಅಂತ ಸುಮಾರು ಜನ ತಿಳ್ಕೊಂಡಿದಾರೆ. ಹಂಗೇನೂ ಆಗಿಲ್ಲ. ಬುಡದಿಂದ ನೋಡ್ಕೊಂಡು ಬರೋಣ.

## ಹೆಸರು ಗೊತ್ತಿರೋದು ಯಾರಿಗೆ?

ಗೇಮಲ್ಲಿ ನಿಮ್ಮ ಹುಡುಗ ಅನಾಮಧೇಯ ಅಂತೀವಲ್ಲ, ಅದು ಅರ್ಧ ಮಾತ್ರ ನಿಜ. ಹೆಸರು ಮೂರು ಕಡೆ ಗೊತ್ತಾಗ್ಬಹುದು, ಆ ಮೂರನ್ನೂ ಬೇರೆ ಬೇರೆ ಇಟ್ಕೊಂಡ್ರೆ ಈ ವಿಷಯ ಮುಕ್ಕಾಲು ಭಾಗ ತಿಳಿಯಾಗತ್ತೆ.

ಮೊದಲ್ನೇದು ಜೊತೇಲಿ ಆಡೋರು. ಅವ್ರಿಗೆ ಕಾಣೋದು ಗೇಮ್ ಹೆಸರು, ಅಂದ್ರೆ ಅವ್ನೇ ಇಟ್ಕೊಂಡಿರೋ ಅಡ್ಡಹೆಸರು, ಅದನ್ನ ಆಮೇಲೆ ಬದಲಾಯಿಸ್ಬಹುದು. ಎರಡ್ನೇದು ಗೇಮ್ ಕಂಪನಿ. ಅವ್ರ ಹತ್ರ ಅಕೌಂಟಿನ ಇಮೇಲೋ ಫೋನ್ ನಂಬರೋ ಇರತ್ತೆ, ದುಡ್ಡು ಕೊಟ್ಟು ಸ್ಕಿನ್ ಗಿನ್, ಅಂದ್ರೆ ಗೇಮಿನ ವೇಷಭೂಷಣ, ತಗೊಂಡಿದ್ರೆ ಪೇಮೆಂಟಿನ ದಾಖಲೆ ಇರತ್ತೆ, ಯಾವ ಫೋನಿಂದ ಯಾವಾಗ ಲಾಗಿನ್ ಆಗಿದ್ದು ಅನ್ನೋದಿರತ್ತೆ. ಮೂರನೇದು ಪೊಲೀಸು, ಕೋರ್ಟು. ಕೇಸ್ ಆದ್ರೆ ಪೊಲೀಸ್ನೋರು ಕಂಪನಿಯಿಂದ ನಂಬರ್ ಕೇಳಿ ತಗೊಂಡು, ಆ ನಂಬರ್ ಯಾರ ಹೆಸರಲ್ಲಿದೆ ಅಂತ ಸಿಮ್ ಕೊಟ್ಟೋರನ್ನ ಕೇಳ್ತಾರೆ, ನಮ್ಮ ದೇಶದಲ್ಲಿ ಗುರುತಿನ ದಾಖಲೆ ಕೊಡ್ದೆ ಸಿಮ್ ಸಿಗಲ್ವಲ್ಲ.

ಹಂಗಾಗಿ ಅಸಲಿ ಹೆಸರು ಕಡ್ಡಾಯ ಅಂತ ಯಾರಾದ್ರೂ ಹೇಳಿದ್ರೆ ತಕ್ಷಣ ಕೇಳ್ಬೇಕಾದ್ದು, ಕಂಪನಿಗೆ ಕೊಡೋದಾ, ಇಲ್ಲಾ ಆಡೋರಿಗೆಲ್ಲ ಕಾಣೋ ಹಾಗೆ ಹಾಕೋದಾ? ಎರಡಕ್ಕೂ ಅಜಗಜಾಂತರ. ಟಿವಿ ಚರ್ಚೇಲಿ ಇವೆರಡನ್ನೂ ಒಂದೇ ಉಸಿರಲ್ಲಿ ಹೇಳ್ಬಿಡ್ತಾರೆ, ಗೊಂದಲ ಹುಟ್ಟೋದೇ ಅಲ್ಲಿ.

ಪೊಲೀಸರ ದಾರೀನೂ ನೇರ ಇರಲ್ಲ ಅನ್ನಿ. ನಮ್ಮ ಕಡೆ ತೋಟದ ಲೈನ್ ಮನೇಲಿ, ಅಂದ್ರೆ ಕೆಲಸದವ್ರಿಗೆ ಸಾಲಾಗಿ ಕಟ್ಟಿರೋ ಮನೇಲಿ, ಇರೋ ಹುಡುಗನ ಫೋನಲ್ಲಿ ಇರೋ ಸಿಮ್ಮು ಅಪ್ಪಂದೋ, ಮಾವಂದೋ, ಕೆಲವು ಸಲ ಮೇಸ್ತ್ರಿ ಹೆಸರಲ್ಲಿ ತಗೊಂಡಿದ್ದೋ ಆಗಿರತ್ತೆ. ಹೋಂಸ್ಟೇ ವೈಫೈಲಿ ವೀಕೆಂಡಿಗೆ ಬಂದ ಗೆಸ್ಟ್ ಕೂತು ಗೇಮಲ್ಲಿ ಯಾರಿಗೋ ಬೆದರಿಕೆ ಹಾಕಿ ಹೋದ್ರೆ ಇಂಟರ್ನೆಟ್ ವಿಳಾಸ, ಅದೇ ಐಪಿ ಅಡ್ರೆಸ್ ಅಂತೀವಲ್ಲ, ಅದು ತೋರ್ಸೋದು ಹೋಂಸ್ಟೇ ಓನರ್ ಮನೇನ. ಮೊಬೈಲ್ ಡೇಟಾದಲ್ಲಂತೂ ಒಂದೇ ಐಪಿ ಅಡ್ರೆಸನ್ನ ಒಂದೇ ಹೊತ್ತಲ್ಲಿ ತುಂಬಾ ಜನ ಹಂಚ್ಕೊಂಡಿರ್ತಾರೆ, ಅದಕ್ಕೆ ಬರೀ ಅಡ್ರೆಸ್ ಸಾಲಲ್ಲ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅನ್ನೋ ವಿವರಾನೂ ಸರಿಯಾಗಿ ಸಿಗ್ಬೇಕು. ಸಿಗಲ್ಲ ಅಂತಲ್ಲ, ಕೆಲಸ ಹಿಡಿಯತ್ತೆ.

## ಅಸಲಿ ಹೆಸರು ಬೇಕು ಅನ್ನೋರು ಹೇಳೋದೇನು

ಅವ್ರ ವಾದ ಸುಮ್ನೆ ತಳ್ಳಿಹಾಕೋ ಥರದ್ದಲ್ಲ. ಎದುರಿಗೆ ನಿಂತು ಆಡಕ್ಕಾಗದ ಮಾತನ್ನ ಸ್ಕ್ರೀನ್ ಹಿಂದೆ ಕೂತು ಆಡ್ಬಿಡ್ತಾರೆ, ಯಾಕಂದ್ರೆ ಯಾರಂತ ಗೊತ್ತಾಗಲ್ಲ, ನಾಳೆ ಮುಖ ನೋಡೋ ಪ್ರಮೇಯ ಇಲ್ಲ.

ಇದಕ್ಕೆ ನಮ್ಮ ಕೌಟುಂಬಿಕ ಹಾಕಿ ಹಬ್ಬದಷ್ಟು ಒಳ್ಳೆ ಹೋಲಿಕೆ ಬೇರೆ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವ್ರು ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ಟೀಮು ಬಂದು ಗಿನ್ನೆಸ್ ದಾಖಲೆ ಆಯ್ತು. ಅಲ್ಲಿ ಟೀಮಿನ ಹೆಸ್ರೇ ಒಕ್ಕದ, ಅಂದ್ರೆ ಕೊಡವ ಮನೆತನದ ಹೆಸರು. ಫೌಲ್ ಮಾಡಿದ್ರೆ, ಬಾಯಿಗೆ ಬಂದಂಗೆ ಮಾತಾಡಿದ್ರೆ, ಇಂಥಾ ಒಕ್ಕದ ಹುಡುಗ ಹಿಂಗೆ ಮಾಡ್ದ ಅಂತ ಗ್ಯಾಲರಿಲಿ ಕೂತಿರೋ ಅಜ್ಜಂದ್ರ ತನಕ ಗೊತ್ತಾಗತ್ತೆ, ಮುಂದಿನ ಮದುವೇಲಿ ಅದೇ ಮಾತು. ಹೆಸರು ಬೇಕು ಅನ್ನೋರು ಗೇಮಿಗೂ ಇದೇ ಹಿಡಿತ ಬರ್ಲಿ ಅಂತಾರೆ.

ಆದ್ರೆ ಮೈದಾನದಲ್ಲಿ ಹುಡುಗ್ರು ಸರಿಯಾಗಿರೋದು ಹೆಸರು ಒಂದ್ರಿಂದಾನಾ? ಅಲ್ಲಿ ಅಂಪೈರ್ ಇದಾರೆ, ಕಾರ್ಡ್ ತೋರ್ಸಿ ಹೊರಗೆ ಕಳಿಸ್ತಾರೆ. ಎದುರಾಳಿ ಮುಖ ಕಾಣತ್ತೆ, ಪೆಟ್ಟಾದ್ರೆ ನೋವಾಗಿದ್ದು ಕಣ್ಣೆದುರಿಗೇ ಕಾಣತ್ತೆ. ನೋಡ್ತಾ ಇರೋ ನಾಲ್ಕು ಜನ ಎರಡೂ ಕಡೆಯವ್ರಿಗೆ ಬೇಕಾದವ್ರೇ. ಗೇಮಲ್ಲಿ ಹೆಸರೊಂದನ್ನ ತಂದು ಉಳಿದಿದ್ದೇನೂ ತರದೆ ಇದ್ರೆ ಏನಾಗತ್ತೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಇದನ್ನೇ ಬರೆದ್ರು, ಆನ್‌ಲೈನಲ್ಲಿ ಜನ ಯಾಕೆ ಲಗಾಮು ಬಿಟ್ಟಂಗೆ ಆಡ್ತಾರೆ ಅಂತ. ಅವ್ರು ಕೊಟ್ಟ ಕಾರಣ ಆರು, ಅದ್ರಲ್ಲಿ ಹೆಸರು ಗೊತ್ತಿಲ್ದೆ ಇರೋದು ಒಂದು ಅಷ್ಟೇ. ಎದುರಿನವ್ರು ಕಣ್ಣಿಗೆ ಕಾಣದೆ ಇರೋದು ಇನ್ನೊಂದು, ಇದೆಲ್ಲ ಬರೀ ಆಟ ತಾನೇ ಅನ್ನೋ ಭಾವನೆ ಮತ್ತೊಂದು. ಹೆಸರು ಹಾಕಿಸಿದ್ರೆ ಒಂದು ಹೋಗತ್ತೆ, ಐದು ಹಂಗೇ ಉಳಿಯತ್ತೆ.

## 2010ರ ಜುಲೈಯಲ್ಲಿ ನಡೆದಿದ್ದು

ಇದನ್ನ ನಿಜವಾಗ್ಲೂ ಮಾಡಕ್ಕೆ ಹೊರಟ ದೊಡ್ಡ ಕಂಪನಿ ಒಂದಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮಾಡಿದ ಬ್ಲಿಝಾರ್ಡ್. ಆಟ ಆಡೋರು ಬಂದು ಮಾತಾಡ್ಕೊಳ್ಳಕ್ಕೆ ಕಂಪನಿಯೇ ನಡೆಸ್ತಿದ್ದ ಚರ್ಚೆ ಜಾಗದಲ್ಲಿ ಜಗಳ, ಕೆಣಕೋದು ವಿಪರೀತ ಆಗಿತ್ತು. 2010ರ ಜುಲೈ 6ಕ್ಕೆ ಅವ್ರು, ಇನ್ಮೇಲೆ ಇಲ್ಲಿ ಏನೇ ಬರೆದ್ರೂ ನಿಮ್ಮ ನಿಜವಾದ ಹೆಸರು, ಸರ್‌ನೇಮ್ ಸಮೇತ ಕಾಣತ್ತೆ ಅಂತ ಘೋಷಣೆ ಮಾಡಿದ್ರು. ಅವ್ರ ಹೊಸ ಗೇಮ್ ಸ್ಟಾರ್‌ಕ್ರಾಫ್ಟ್ 2 ಬಿಡುಗಡೆ ಅದೇ ತಿಂಗಳು 27ಕ್ಕೆ ಇತ್ತು, ಆ ಹೊತ್ತಿಗೆ ಶುರು ಮಾಡೋಣ ಅಂತ ಲೆಕ್ಕ.

ಜನ ತಿರುಗಿಬಿದ್ರು. ಸಾವಿರಾರು ಅಲ್ಲ, ಹತ್ತಾರು ಸಾವಿರ ಪ್ರತಿಕ್ರಿಯೆ. ಅಷ್ಟರಲ್ಲಿ ಕಂಪನಿಯ ಒಬ್ಬ ಸಿಬ್ಬಂದಿ, ಹೆಸರು ಹೇಳಿದ್ರೆ ಏನೂ ಆಗಲ್ಲ ನೋಡಿ ಅಂತ ತೋರ್ಸಕ್ಕೆ ತನ್ನ ಅಸಲಿ ಹೆಸರನ್ನ ಅಲ್ಲೇ ಹಾಕಿದ್ರು. ಸ್ವಲ್ಪ ಹೊತ್ತಲ್ಲೇ ಆ ಒಂದು ಹೆಸರಿಂದ ಹುಡುಕಿ ಫೋನ್ ನಂಬರು, ಮನೆ ವಿಳಾಸ, ಮನೆಯವ್ರ ವಿವರ ಅಂತ ಜನ ತಂದು ಸುರಿದ್ರು. ಆಟ ಆಡೋರಲ್ಲಿ ಟೀಚರ್‌ಗಳು, ಲಾಯರ್‌ಗಳು ಇದ್ರು, ನಮ್ಮ ಹೆಸರನ್ನ ಗೂಗಲ್ ಮಾಡಿದ್ರೆ ಮೊದಲು ಗೇಮಿನ ಜಗಳ ಬಂದ್ರೆ ನಾಳೆ ಕೆಲಸ ಕೊಡೋರು ಏನಂದ್ಕೊಳ್ತಾರೆ ಅನ್ನೋದು ಅವ್ರ ಚಿಂತೆ. ಹೆಣ್ಮಕ್ಕಳ ಚಿಂತೆ ಬೇರೇನೇ ಇತ್ತು, ಅದನ್ನ ಬಿಡಿಸಿ ಹೇಳೋದೇನೂ ಬೇಡ.

ಜುಲೈ 9ಕ್ಕೆ ಕಂಪನಿ ಮುಖ್ಯಸ್ಥ ಮೈಕ್ ಮೊರ್ಹೈಮ್ ಈ ಯೋಜನೆ ಕೈಬಿಟ್ಟಿದೀವಿ ಅಂತ ಹೇಳಿದ್ರು. ಮೂರೇ ದಿನ. ಬೇಕಾದೋರು ಗೊತ್ತಿರೋ ಫ್ರೆಂಡ್ಸ್ ಜೊತೆ ಮಾತ್ರ ಅಸಲಿ ಹೆಸರು ಹಂಚ್ಕೊಳ್ಳೋ ವ್ಯವಸ್ಥೆ ಉಳ್ಕೊಳ್ತು, ಎಲ್ರಿಗೂ ತೋರ್ಸೋದು ಹೋಯ್ತು.

## ಕೊರಿಯಾ ಕಾನೂನೇ ಮಾಡಿ ನೋಡ್ತು

ಕಂಪನಿ ಬಿಡಿ, ಒಂದಿಡೀ ದೇಶ ಪ್ರಯತ್ನ ಮಾಡಿದ್ದೂ ಇದೆ. ಗೇಮಿಂಗಿಗೆ ತವರು ಅನ್ನೋ ಹಾಗಿರೋ ದಕ್ಷಿಣ ಕೊರಿಯಾ. 2007ರಲ್ಲಿ ಅಲ್ಲಿ ದೊಡ್ಡ ವೆಬ್‌ಸೈಟಲ್ಲಿ ಕಾಮೆಂಟ್ ಹಾಕ್ಬೇಕಾದ್ರೆ ಮೊದಲು ಗುರುತು ದೃಢಪಡಿಸ್ಬೇಕು ಅಂತ ಕಾನೂನು ಜಾರಿಗೆ ಬಂತು, 2009ರಲ್ಲಿ ದಿನಕ್ಕೆ 1 ಲಕ್ಷ ಜನ ಬರೋ ಸೈಟುಗಳಿಗೆಲ್ಲ ಅದನ್ನ ವಿಸ್ತರಿಸಿದ್ರು. ಗುರುತು ಅಂದ್ರೆ ಅಲ್ಲಿನ ನಿವಾಸಿ ನೋಂದಣಿ ಸಂಖ್ಯೆ, ನಮ್ಮ ಆಧಾರ್ ನಂಬರಿನ ಥರ, 13 ಅಂಕಿ. ಗಮನ ಇರ್ಲಿ, ಇಲ್ಲಿ ಹೆಸರು ಎಲ್ರಿಗೂ ಕಾಣ್ಬೇಕು ಅಂತ ಇರ್ಲಿಲ್ಲ, ಕಂಪನಿಗೆ ಗೊತ್ತಿದ್ರೆ ಸಾಕಿತ್ತು. ಯೂಟ್ಯೂಬ್ ಇದಕ್ಕೆ ಒಪ್ಪದೆ ಕೊರಿಯಾದ ಪುಟದಲ್ಲಿ ವಿಡಿಯೋ ಹಾಕೋದು, ಕಾಮೆಂಟ್ ಮಾಡೋದನ್ನೇ ನಿಲ್ಲಿಸ್ಬಿಡ್ತು.

ಕಂಪನಿಗಳ ಹತ್ರ ಕೋಟಿಗಟ್ಲೆ ಜನರ ಗುರುತಿನ ನಂಬರ್ ಗುಡ್ಡೆ ಬಿತ್ತು. ಕಳ್ಳರಿಗೆ ಅದಕ್ಕಿಂತ ಇನ್ನೇನು ಬೇಕು. 2011ರ ಜುಲೈಲಿ ನೇಟ್, ಸೈವರ್ಲ್ಡ್ ಅನ್ನೋ ಎರಡು ಸೈಟಿಂದ ಸುಮಾರು 3.5 ಕೋಟಿ ಜನರ ಮಾಹಿತಿ ಕಳವಾಯ್ತು, ಆ ದೇಶದ ಜನಸಂಖ್ಯೆಯೇ 5 ಕೋಟಿ ಆಸುಪಾಸು. ಅದೇ ವರ್ಷ ನವೆಂಬರಲ್ಲಿ ಮೇಪಲ್‌ಸ್ಟೋರಿ ಅನ್ನೋ ಗೇಮ್ ನಡೆಸೋ ನೆಕ್ಸಾನ್ ಕಂಪನಿಯಿಂದ 1.3 ಕೋಟಿಗೂ ಹೆಚ್ಚು ಆಟಗಾರರ ಮಾಹಿತಿ ಹೋಯ್ತು. 2012ರ ಆಗಸ್ಟ್ 23ಕ್ಕೆ ಕೊರಿಯಾದ ಸಾಂವಿಧಾನಿಕ ಕೋರ್ಟು ಒಮ್ಮತದಿಂದ ಆ ಕಾನೂನನ್ನ ರದ್ದು ಮಾಡ್ತು. ಕೆಟ್ಟ ಬರಹ ಹೇಳ್ಕೊಳ್ಳೋ ಅಷ್ಟು ಕಮ್ಮಿ ಆಗಿದ್ದಕ್ಕೆ ಆಧಾರ ಇಲ್ಲ, ಜನ ವಿದೇಶಿ ಸೈಟಿಗೆ ಹೋಗ್ತಾ ಇದಾರೆ, ಮಾತಾಡೋ ಸ್ವಾತಂತ್ರ್ಯಕ್ಕೆ ಪೆಟ್ಟು ಬಿದ್ದಿದ್ದು ಮಾತ್ರ ನಿಜ ಅನ್ನೋದು ತೀರ್ಪಿನ ಸಾರ.

ಚೀನಾದಲ್ಲಿ ಇನ್ನೂ ಬಿಗಿ. 2010ರಿಂದಾನೇ ಗೇಮಿಗೆ ಅಸಲಿ ಹೆಸರಿನ ನೋಂದಣಿ ನಿಯಮ ಇದೆ, 2021ರ ಸೆಪ್ಟೆಂಬರಿಂದ 18 ತುಂಬದ ಮಕ್ಕಳು ಶುಕ್ರವಾರ, ಶನಿವಾರ, ಭಾನುವಾರ, ಸರ್ಕಾರಿ ರಜಾ ದಿನ ರಾತ್ರಿ 8ರಿಂದ 9, ಅಷ್ಟೇ ಆಡ್ಬಹುದು. ಅಲ್ಲಿ ಹೆಸರು ಕೇಳೋದು ವಯಸ್ಸು, ಸಮಯ ಲೆಕ್ಕ ಇಡಕ್ಕೆ, ಆಟದ ಒಳಗೆ ಕಾಣೋದು ಅಡ್ಡಹೆಸ್ರೇ. ಮಕ್ಕಳು ಏನ್ ಮಾಡಿದ್ರು ಅಂದ್ರೆ ಅಜ್ಜ ಅಜ್ಜಿ ಐಡಿಲಿ ಲಾಗಿನ್ ಆದ್ರು, ಕಂಪನಿಯವ್ರು ರಾತ್ರಿ ಹೊತ್ತು ಮುಖ ಸ್ಕ್ಯಾನ್ ಮಾಡಕ್ಕೆ ಶುರು ಮಾಡಿದ್ರು. ಮಕ್ಕಳ ಬುದ್ಧಿ ಎಲ್ಲಾ ದೇಶದಲ್ಲೂ ಒಂದೇ.

## ನಮ್ಮೂರಲ್ಲಿ ಹೆಸರು ಅಂದ್ರೆ ವಿಳಾಸ

ಈಗ ಇದನ್ನ ಕೊಡಗಿಗೆ ತನ್ನಿ. ಬೆಂಗಳೂರಲ್ಲಿ ಮಂಜುನಾಥ್ ಅಂತ ಹೆಸರು ಕಂಡ್ರೆ ಅದ್ರಿಂದ ಯಾರೂ ಏನೂ ಹುಡುಕಕ್ಕಾಗಲ್ಲ, ಅಂಥಾ ಮಂಜುನಾಥರು ಲಕ್ಷಾಂತರ. ಕೊಡವ ಹೆಸರು ಹಂಗಲ್ಲ. ಎಲ್ರಿಗೂ ಗೊತ್ತಿರೋ ಹೆಸರನ್ನೇ ತಗೊಳ್ಳಿ, ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲು ಒಕ್ಕ, ಆಮೇಲೆ ಅಪ್ಪನ ಹೆಸರು, ಆಮೇಲೆ ತನ್ನದು. ಪೂರ್ತಿ ಹೆಸರು ಬರೆದ್ರೆ ಯಾವ ಒಕ್ಕ, ಯಾರ ಮಗ ಎರಡೂ ಬಂತು. ಒಕ್ಕ ಗೊತ್ತಾದ್ರೆ ಐನ್‌ಮನೆ, ಅಂದ್ರೆ ಒಕ್ಕದ ಮೂಲ ಮನೆ, ಯಾವ ಊರಲ್ಲಿ ಅಂತ ಇಲ್ಲಿನ ಯಾರನ್ನ ಕೇಳಿದ್ರೂ ಹೇಳ್ತಾರೆ. ಅರೆಭಾಷೆ ಗೌಡ ಮನೆತನಗಳಿಗೂ ಮನೆಹೆಸರು ಇದೆ. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಲಿ ಇರೋದೇ ಐದೂವರೆ ಲಕ್ಷ ಜನ, ಗೋಣಿಕೊಪ್ಪ ಸಂತೆಲಿ ಎರಡು ಅಂಗಡಿ ದಾಟೋ ಅಷ್ಟರಲ್ಲಿ ಗುರುತಿನವ್ರು ಸಿಗ್ತಾರೆ.

ಅಸಲಿ ಹೆಸರು ಸ್ಕ್ರೀನ್ ಮೇಲೆ ಬಂದ್ರೆ ಇಲ್ಲಿನ ಮಕ್ಕಳಿಗೆ ಅದು ಹೆಸರಿನ ಜೊತೆ ಮನೆ ದಾರೀನೂ ತೋರ್ಸಿದ ಹಾಗೆ. ಕೊಡಗು ಬಿಡಿ, ನಮ್ಮ ದೇಶದಲ್ಲಿ ಯಾವ ಹೆಸರೇ ಆದ್ರೂ ಜಾತಿ, ಧರ್ಮ, ಗಂಡೋ ಹೆಣ್ಣೋ, ಮಾತೃಭಾಷೆ ಯಾವುದು ಅಂತ ಬಹುಮಟ್ಟಿಗೆ ಹೇಳ್ಬಿಡತ್ತೆ. ಬೈಯಬೇಕು ಅಂತಾನೇ ಕೂತಿರೋನಿಗೆ ಅಷ್ಟು ಸಾಕು. ಅಡ್ಡಹೆಸರಲ್ಲಿದ್ರೆ ಅವ್ನು ಆಟದ ಬಗ್ಗೆ ಬೈತಾನೆ, ನೂಬ್, ಅಂದ್ರೆ ಆಡಕ್ಕೆ ಬರದೋನು ಅಂತಾನೆ, ಅಸಲಿ ಹೆಸರು ಕಂಡ್ರೆ ಜಾತಿ ಎತ್ತಿ ಬೈತಾನೆ.

ಹೆಸರು ಹಾಕ್ದೇನೂ ಮಾಹಿತಿ ಹೆಂಗೆ ಸೋರಿಹೋಗತ್ತೆ ನೋಡಿ. ಗೇಮಲ್ಲಿ ರ್ಯಾಂಡಮ್ ಸ್ಕ್ವಾಡ್ ಸಿಕ್ಕಿದೆ, ನಾಲ್ಕು ಜನ, ಗುರುತು ಪರಿಚಯ ಇಲ್ದೋರು, ಆಟದ ಪ್ಲೇನಿಂದ ಇನ್ನೂ ಕೆಳಗೆ ಇಳಿದಿಲ್ಲ.

“ಬ್ರೋ ಕನ್ನಡಾನಾ? ಯಾವೂರು ಬ್ರೋ?”

“ಕೂರ್ಗ್ ಬ್ರೋ.”

“ಕೂರ್ಗಲ್ಲಿ ಎಲ್ಲಿ? ನಮ್ಮ ಅತ್ತೆ ಮನೆ ಪೊನ್ನಂಪೇಟೆ.”

“ಓ, ನಮ್ದೂ ಅಲ್ಲೇ ಹತ್ರ ಬ್ರೋ, ಸ್ಕೂಲ್ ಗೋಣಿಕೊಪ್ಪ.”

“ಇವತ್ತು ರಜೆನಾ?”

“ಹೂಂ ಬ್ರೋ, ಮನೇಲಿ ಒಬ್ನೇ, ಅಪ್ಪ ಅಮ್ಮ ತೋಟಕ್ಕೆ ಹೋಗಿದಾರೆ.”

ಅರ್ಧ ನಿಮಿಷ ಆಗಿಲ್ಲ. ಊರು, ಸ್ಕೂಲು, ಮನೇಲಿ ಒಬ್ನೇ ಇರೋದು, ಎಲ್ಲ ಹೊರಗೆ ಬಂತು. ಕೇಳಿದೋನು ಪಾಪ ಒಳ್ಳೆ ಹುಡುಗಾನೇ ಇರ್ಬಹುದು, ಪೊನ್ನಂಪೇಟೆಲಿ ಅತ್ತೆ ಇರೋದೂ ನಿಜ ಇರ್ಬಹುದು. ಆದ್ರೆ ಇದ್ರ ಮೇಲೆ ಒಕ್ಕದ ಹೆಸರು ಸಮೇತ ಸ್ಕ್ರೀನಲ್ಲೇ ಬರ್ದಿದ್ದಿದ್ರೆ ಕೇಳೋ ಕಷ್ಟಾನೂ ಇರ್ತಿರ್ಲಿಲ್ಲ.

ವಿಳಾಸ ತಪ್ಪು ಕೈಗೆ ಸಿಕ್ರೆ ಎಲ್ಲಿ ತನಕ ಹೋಗ್ಬಹುದು ಅನ್ನೋದಕ್ಕೆ ಅಮೆರಿಕದ ವಿಚಿಟಾ ಊರಲ್ಲಿ 2017ರ ಡಿಸೆಂಬರಲ್ಲಿ ನಡೆದಿದ್ದು ಸಾಕ್ಷಿ. ಕಾಲ್ ಆಫ್ ಡ್ಯೂಟಿ ಅನ್ನೋ ಗೇಮ್ ಆಡ್ತಾ ಇಬ್ರಿಗೆ ಚಿಲ್ಲರೆ ಬೆಟ್ಟಿಂಗಿಗೆ ಜಗಳ ಆಯ್ತು, ಒಬ್ಬ ತಾನು ಈಗ ಇಲ್ದಿರೋ ಹಳೇ ಮನೆ ವಿಳಾಸ ಕೊಟ್ಟು ತಾಕತ್ತಿದ್ರೆ ಬಾ ಅಂದ, ಇನ್ನೊಬ್ಬ ಮೂರನೆಯವನ ಕೈಲಿ ಪೊಲೀಸಿಗೆ ಸುಳ್ಳು ಫೋನ್ ಮಾಡಿಸ್ದ, ಆ ಮನೇಲಿ ಕೊಲೆ ಆಗಿದೆ, ಜನರನ್ನ ಒತ್ತೆ ಇಟ್ಕೊಂಡಿದಾರೆ ಅಂತ. ಪೊಲೀಸ್ನೋರು ಬಂದ್ರು, ಬಾಗಿಲಿಗೆ ಬಂದ ಮನುಷ್ಯನಿಗೆ ಗುಂಡು ಹೊಡೆದ್ರು. ಸತ್ತೋನಿಗೂ ಆ ಆಟಕ್ಕೂ ಸಂಬಂಧವೇ ಇರ್ಲಿಲ್ಲ. ಫೋನ್ ಮಾಡಿದೋನಿಗೆ 20 ವರ್ಷ ಜೈಲಾಯ್ತು.

## ಹೆಸರಿದ್ರೆ ಬೈಗುಳ ಕಮ್ಮಿ ಆಗತ್ತಾ?

ಜ್ಯೂರಿಕ್ ಯೂನಿವರ್ಸಿಟಿಯವ್ರು ಜರ್ಮನಿಯ ಒಂದು ಆನ್‌ಲೈನ್ ಮನವಿ ತಾಣದಲ್ಲಿ ಜನ ಹಾಕಿದ್ದ 5 ಲಕ್ಷಕ್ಕೂ ಹೆಚ್ಚು ಕಾಮೆಂಟ್ ಪರಿಶೀಲನೆ ಮಾಡಿ 2016ರಲ್ಲಿ ಪ್ರಕಟ ಮಾಡಿದ್ರು. ಅಲ್ಲಿ ಹೆಸರು ಹಾಕಿ ಬರೆದವ್ರ ಮಾತೇ ಹೆಸರು ಮುಚ್ಚಿಟ್ಟವ್ರಿಗಿಂತ ಒರಟಾಗಿತ್ತು. ತಲೆಕೆಳಗು ಅನ್ಸತ್ತಲ್ವಾ? ಅವ್ರು ಕೊಟ್ಟ ವಿವರಣೆ ಏನಂದ್ರೆ, ತಾನು ನ್ಯಾಯದ ಪರ ಬೈತಾ ಇದೀನಿ ಅಂದ್ಕೊಂಡೋನು ಹೆಸರು ಮುಚ್ಚಿಡಲ್ಲ, ಎದೆ ತಟ್ಕೊಂಡೇ ಬೈತಾನೆ, ಅದ್ರಿಂದ ಅವ್ನ ಕಡೆಯವ್ರ ಹತ್ರ ಮರ್ಯಾದೆ ಜಾಸ್ತೀನೇ ಆಗತ್ತೆ. ಇದು ಗೇಮಲ್ಲ, ಮನವಿ ಪತ್ರದ ಜಾಗ, ಹಾಗಾಗಿ ನೇರವಾಗಿ ಇಲ್ಲಿಗೆ ಅಂಟಿಸಕ್ಕೆ ಆಗಲ್ಲ. ಆದ್ರೆ ನಮ್ಮ ಫೇಸ್‌ಬುಕ್ ಕಾಮೆಂಟ್ ನೋಡಿದೋರಿಗೆ ಇದು ಹೊಸ ವಿಷಯ ಅನ್ಸಲ್ಲ, ಅಲ್ಲಿ ಸ್ವಂತ ಫೋಟೋ, ಸ್ವಂತ ಹೆಸರು, ಮಗು ಎತ್ಕೊಂಡಿರೋ ಪ್ರೊಫೈಲ್ ಪಿಕ್ಕು, ಕೆಳಗೆ ಬರ್ದಿರೋದು ಬಾಯಲ್ಲಿ ಹೇಳಕ್ಕಾಗದ ಮಾತು.

ಗೇಮಿನದ್ದೇ ಉದಾಹರಣೆ ಬೇಕು ಅಂದ್ರೆ ಲೀಗ್ ಆಫ್ ಲೆಜೆಂಡ್ಸ್. ಅದನ್ನ ಮಾಡಿದ ರಾಯಟ್ ಗೇಮ್ಸ್ ಹೆಸರಿನ ತಂಟೆಗೇ ಹೋಗ್ಲಿಲ್ಲ. ಎದುರಾಳಿ ಟೀಮಿನ ಜೊತೆ ಚಾಟ್ ಮಾಡೋದನ್ನ ಮೊದಲಿಗೇ ಆಫ್ ಮಾಡಿಟ್ರು, ಬೇಕಾದೋರು ಸೆಟ್ಟಿಂಗಿಗೆ ಹೋಗಿ ಆನ್ ಮಾಡ್ಕೊಳ್ಳಿ ಅಂದ್ರು, ಅಷ್ಟೇ. ಕೆಟ್ಟ ಚಾಟು ಹತ್ತಿರ ಹತ್ತಿರ ಮೂರ್ನೇ ಒಂದು ಭಾಗ ಕಮ್ಮಿ ಆಯ್ತು, ಒಳ್ಳೆ ಮಾತು ಅಷ್ಟೇ ಪ್ರಮಾಣದಲ್ಲಿ ಜಾಸ್ತಿ ಆಯ್ತು. ಅವ್ರಿಗೆ ಕಂಡ ಇನ್ನೊಂದು ವಿಷಯ, ದಿನಾ ಬೈಯೋದೇ ಕಸುಬು ಮಾಡ್ಕೊಂಡಿರೋರು ತುಂಬಾ ಕಮ್ಮಿ, ಹೆಚ್ಚಿನ ಬೈಗುಳ ಬರೋದು ಮಾಮೂಲಿ ಆಟಗಾರರಿಂದಾನೇ, ಅವತ್ತು ಅವ್ರ ದಿನ ಸರಿ ಇರಲ್ಲ ಅಷ್ಟೇ. ಪಿಂಗ್ ಏರಿ, ಅಂದ್ರೆ ನೆಟ್ ನಿಧಾನ ಆಗಿ, ಆಟದಲ್ಲಿ ಸತ್ತೋದ ಕೋಪಕ್ಕೆ ಬಾಯಿಬಿಡೋ ನಮ್ಮ ಹುಡುಗ್ರನ್ನ ನೋಡಿದ್ರೆ ಇದು ಅರ್ಥ ಆಗತ್ತೆ.

## ಹೆಸರು ಬೇಡ, ಫೋನ್ ನಂಬರ್ ಕೊಡಿ ಅನ್ನೋ ದಾರಿ

ಕಂಪನಿಗಳು ಈಗ ಹಿಡ್ದಿರೋ ಮಧ್ಯದ ದಾರಿ ಇದು. ಬ್ಯಾನ್ ಆದೋನು ಐದು ನಿಮಿಷದಲ್ಲಿ ಹೊಸ ಇಮೇಲ್ ಹಾಕಿ ಹೊಸ ಅಕೌಂಟ್ ಮಾಡ್ಕೊಂಡು ವಾಪಸ್ ಬರೋದೇ ದೊಡ್ಡ ತಲೆನೋವು, ಫೋನ್ ನಂಬರ್ ಕೇಳಿದ್ರೆ ಪ್ರತೀ ಸಲ ಹೊಸ ಸಿಮ್ ತರಬೇಕಾಗತ್ತೆ. ಡೋಟಾ 2 ಅನ್ನೋ ಗೇಮಲ್ಲಿ 2017ರಿಂದ ರ್ಯಾಂಕ್ ಪಂದ್ಯಕ್ಕೆ ಫೋನ್ ನಂಬರ್ ಬೇಕು. 2022ರ ಅಕ್ಟೋಬರಲ್ಲಿ ಓವರ್‌ವಾಚ್ 2 ಅನ್ನೋ ಗೇಮ್ ಬಂದಾಗ ಇದೇ ಬ್ಲಿಝಾರ್ಡ್ ಎಲ್ರಿಗೂ ನಂಬರ್ ಕಡ್ಡಾಯ ಅಂತು, ಆದ್ರೆ ಕೆಲವು ಪ್ರಿಪೇಯ್ಡ್ ನಂಬರ್‌ಗಳನ್ನ ತಗೊಳ್ಳಲ್ಲ ಅಂತು. ದುಡ್ಡು ಕಮ್ಮಿ ಇರೋರೇ ಪ್ರಿಪೇಯ್ಡ್ ಬಳಸೋದು, ನಾವು ಆಡ್ಬಾರ್ದಾ ಅಂತ ಅಮೆರಿಕದಲ್ಲಿ ಗಲಾಟೆ ಆಗಿ ಕೆಲವೇ ದಿನಕ್ಕೆ ಹಳೇ ಆಟಗಾರರಲ್ಲಿ ಹೆಚ್ಚಿನವ್ರಿಗೆ ನಿಯಮ ಸಡಿಲ ಮಾಡಿದ್ರು. ಬಹುಪಾಲು ಸಿಮ್ಮು ಪ್ರಿಪೇಯ್ಡೇ ಆಗಿರೋ ನಮ್ಮ ದೇಶದಲ್ಲಿ ಅಂಥಾ ನಿಯಮ ತಂದಿದ್ರೆ ಆಡೋರೇ ಉಳೀತಿರ್ಲಿಲ್ಲ.

## ನಮ್ಮ ಕಾನೂನು ಏನನ್ನತ್ತೆ

ಮೊದಲು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ, ಅಷ್ಟು ಬೇಗ ಆಯ್ತು. ಅದು ಹಿಡಿದಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ. ಅಂಥದ್ದನ್ನ ನಡೆಸೋರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಇ-ಸ್ಪೋರ್ಟ್ಸಿಗೆ, ಅಂದ್ರೆ ಟೂರ್ನಮೆಂಟ್ ಥರ ಆಡೋ ಗೇಮಿಗೆ, ಮನರಂಜನೆಯ ಗೇಮಿಗೆ ಪ್ರೋತ್ಸಾಹ ಅಂತಾನೇ ಬರೆದಿದೆ. ಆಟಗಾರರು ಅಸಲಿ ಹೆಸರನ್ನ ಸ್ಕ್ರೀನ್ ಮೇಲೆ ಹಾಕ್ಬೇಕು ಅಂತ ಅದ್ರಲ್ಲಿಲ್ಲ.

ಎರಡ್ನೇದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ. ಇದ್ರ ಪ್ರಕಾರ 18 ತುಂಬದೋರೆಲ್ಲ ಮಕ್ಕಳು, ಅವ್ರ ಮಾಹಿತಿ ತಗೊಳ್ಬೇಕಾದ್ರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಒಪ್ಪಿಗೆ ಕೊಟ್ಟಿದ್ದು ನಿಜವಾಗ್ಲೂ ದೊಡ್ಡೋರೇ ಅಂತ ಪರೀಕ್ಷೆ ಮಾಡ್ಬೇಕು. ಕಂಪನಿ ಹತ್ರ ಮೊದಲೇ ಇರೋ ಪೋಷಕರ ದಾಖಲೆಯಿಂದ ಮಾಡ್ಬಹುದು, ಇಲ್ಲಾ ಡಿಜಿಲಾಕರ್ ಥರದ ವ್ಯವಸ್ಥೆ ಮೂಲಕ ಮಾಡ್ಬಹುದು. ನಿಯಮಗಳು 2025ರ ನವೆಂಬರಲ್ಲಿ ಬಂದ್ವು, ಕಂಪನಿಗಳ ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಸಮಯ ಇದೆ. ಮಕ್ಕಳ ವಿಷಯದಲ್ಲಿ ತಪ್ಪಿದ್ರೆ 200 ಕೋಟಿ ತನಕ ದಂಡ ಹಾಕ್ಬಹುದು. ಇಲ್ಲೂ ನೋಡಿ, ಕೇಳೋದು ನಿಮ್ಮ ಗುರುತನ್ನ, ಅದೂ ಕಂಪನಿ ಮಟ್ಟದಲ್ಲಿ. ಬಿಜಿಎಂಐ ಅನ್ನೋ ಮೊಬೈಲ್ ಗೇಮ್ 2021ರಲ್ಲಿ ಬಂದಾಗ್ಲೇ 18ರ ಒಳಗಿನೋರಿಗೆ ಪೋಷಕರ ಫೋನಿಗೆ ಒಟಿಪಿ, ದಿನಕ್ಕೆ 3 ಗಂಟೆ ಮಿತಿ ಇಟ್ಟಿತ್ತು. ಹುಡುಗ ವಯಸ್ಸು ಸುಳ್ಳು ಹೇಳಿದ್ರೆ ಅದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗೆ, ಅದಕ್ಕೇ ಈ ಹೊಸ ನಿಯಮ.

ಮೂರನೇದು ಸುಪ್ರೀಂ ಕೋರ್ಟ್ ತೀರ್ಪು. 2017ರ ಆಗಸ್ಟ್ 24ಕ್ಕೆ ಒಂಬತ್ತು ಜಡ್ಜುಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ತು, ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವ್ರು. ಹೆಸರು ಕಡ್ಡಾಯ ಅಂತ ಯಾವ ಸರ್ಕಾರ ಕಾನೂನು ತಂದ್ರೂ ಈ ತೀರ್ಪಿನ ಅಳತೆಗೋಲಿಗೆ ನಿಲ್ಬೇಕು, ನಿಜವಾಗ್ಲೂ ಅಗತ್ಯ ಇದೆಯಾ, ಅಗತ್ಯಕ್ಕಿಂತ ಜಾಸ್ತಿ ಕಸ್ಕೊಳ್ತಾ ಇಲ್ವಾ ಅಂತ.

ಹಂಗಂತ ಹೆಸರು ಮುಚ್ಚಿಟ್ಕೊಂಡು ಏನ್ ಬೇಕಾದ್ರೂ ಮಾಡ್ಬಹುದು ಅಂತಲ್ಲ. ಭಾರತೀಯ ನ್ಯಾಯ ಸಂಹಿತೆ 351ನೇ ಸೆಕ್ಷನ್ ಪ್ರಕಾರ ಬೆದರಿಕೆ ಹಾಕೋದೇ ಅಪರಾಧ, ಅದನ್ನ ಹೆಸರೋ ವಿಳಾಸವೋ ಮರೆಮಾಚಿ ಮಾಡಿದ್ರೆ ಅದ್ರ ಮೇಲೆ ಇನ್ನೂ 2 ವರ್ಷದ ತನಕ ಹೆಚ್ಚುವರಿ ಶಿಕ್ಷೆ. ಬೇರೆಯವ್ರ ಹೆಸರಲ್ಲಿ ನಟಿಸಿ ಆನ್‌ಲೈನ್ ಮೋಸ ಮಾಡಿದ್ರೆ ಐಟಿ ಕಾಯ್ದೆ 66ಡಿ ಇದೆ.

## ಐಡಿ ಕೊಟ್ಟ ಮೇಲೆ ಅದು ಎಲ್ಲಿರತ್ತೆ

ಸರಿ, ಕಂಪನಿಗೆ ಮಾತ್ರ ತಾನೇ, ಕೊಟ್ಬಿಡೋಣ ಅಂತ ಅನ್ಸಬಹುದು. ಗೇಮ್ ಆಡೋರು ಗುಂಪು ಕಟ್ಕೊಂಡು ಮಾತಾಡೋ ಡಿಸ್ಕಾರ್ಡ್ ಗೊತ್ತಲ್ಲ, 2025ರ ಅಕ್ಟೋಬರಲ್ಲಿ ಅವ್ರು ಒಪ್ಕೊಂಡ್ರು, ಗ್ರಾಹಕ ಸೇವೆಗೆ ಇಟ್ಕೊಂಡಿದ್ದ ಹೊರಗಿನ ಸಂಸ್ಥೆ ಕಡೆಯಿಂದ ಸುಮಾರು 70,000 ಜನರ ಸರ್ಕಾರಿ ಐಡಿ ಫೋಟೋ ಸೋರಿಕೆ ಆಗಿರ್ಬಹುದು ಅಂತ. ಅವ್ರಲ್ಲಿ ಸುಮಾರು ಜನ ಆ ಐಡಿ ಕೊಟ್ಟಿದ್ದೇ ವಯಸ್ಸಿನ ತಕರಾರು ಸರಿ ಮಾಡ್ಕೊಳ್ಳಕ್ಕೆ. ಪಾಸ್‌ವರ್ಡ್ ಸೋರಿದ್ರೆ ಬದಲಾಯಿಸ್ಬಹುದು, ಹುಟ್ಟಿದ ದಿನಾನ, ಮುಖಾನ ಬದಲಾಯಿಸಕ್ಕೆ ಆಗಲ್ಲ. ಅದಕ್ಕೆ ಈ ಕ್ಷೇತ್ರದಲ್ಲಿ ಕೆಲಸ ಮಾಡೋರು ಹೇಳೋದು, ಇವ್ರಿಗೆ 18 ಆಗಿದೆಯಾ ಅನ್ನೋದಕ್ಕೆ ಹೌದು ಇಲ್ಲ ಅನ್ನೋ ಉತ್ತರ ಮಾತ್ರ ಕಂಪನಿಗೆ ಹೋಗ್ಲಿ, ಹೆಸರು ಫೋಟೋ ಹೋಗೋದು ಬೇಡ ಅಂತ. ನಮ್ಮ ಹೊಸ ನಿಯಮದಲ್ಲಿ ಡಿಜಿಲಾಕರ್ ಟೋಕನ್, ಅಂದ್ರೆ ದಾಖಲೆ ಬದಲು ಕೊಡೋ ಕೋಡ್, ಅಂತ ಬಂದಿರೋದು ಇದೇ ಯೋಚನೆಗೆ ಹತ್ರ.

## ಮನೇಲಿ ಏನು ನೋಡ್ಕೊಳ್ಬೇಕು

ಮಗ ಅಥವಾ ಮಗಳ ಗೇಮ್ ಹೆಸರನ್ನ ಒಂದ್ಸಲ ಓದಿ. ಒಕ್ಕದ ಹೆಸರು, ಹುಟ್ಟಿದ ಇಸವಿ, ಸ್ಕೂಲ್ ಹೆಸರಿನ ಗುರುತು ಅದ್ರಲ್ಲಿದ್ರೆ ಬದಲಾಯಿಸಕ್ಕೆ ಹೇಳಿ, ಹೆಸರಿನ ಕೊನೇಲಿ 2012 ಅಂತಿದ್ರೆ ವಯಸ್ಸು ಹೇಳ್ದಂಗೇ ಅಲ್ವಾ. ಮೈಕನ್ನ ಟೀಮಿಗೆ ಮಾತ್ರ ಇಡ್ಬಹುದು, ರ್ಯಾಂಡಮ್ ಜೊತೆ ಆಡೋವಾಗ ಪೂರ್ತಿ ಆಫ್ ಮಾಡಿದ್ರೂ ಆಟಕ್ಕೆ ತೊಂದ್ರೆ ಇಲ್ಲ, ಸಿಗ್ನಲ್ ಬಟನ್ ಇದೆ. ಫ್ರೀ ಯುಸಿ (ಗೇಮಿನೊಳಗಿನ ದುಡ್ಡು) ಕೊಡ್ತೀನಿ ಆಧಾರ್ ಫೋಟೋ ಕಳ್ಸು, ಒಟಿಪಿ ಹೇಳು ಅಂತ ಯಾರಾದ್ರೂ ಕೇಳಿದ್ರೆ ಅದು ಮೋಸಾನೇ, ಗೇಮ್ ಕಂಪನಿ ಚಾಟಲ್ಲಿ ಬಂದು ಆಧಾರ್ ಕೇಳಲ್ಲ.

ಬೆದರಿಕೆ ಬಂದ್ರೆ, ಫೋಟೋ ಇಟ್ಕೊಂಡು ಹೆದರಿಸಿದ್ರೆ, ದುಡ್ಡು ಹೋದ್ರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲಾ ಸೈಬರ್ ಕೇಸ್ ನೋಡೋ, ಮಡಿಕೇರಿಲಿರೋ ಸೆನ್ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಹೋಗೋ ಮುಂಚೆ ಗಾಬರಿಲಿ ಚಾಟ್ ಡಿಲೀಟ್ ಮಾಡ್ಬೇಡಿ, ಗೇಮ್ ಅನ್‌ಇನ್‌ಸ್ಟಾಲ್ ಮಾಡ್ಬೇಡಿ. ಸ್ಕ್ರೀನ್‌ಶಾಟ್ ತೆಗೀರಿ, ಟೈಮ್ ಕಾಣೋ ಹಾಗೆ. ಆ ಆಟಗಾರನ ಪ್ರೊಫೈಲ್ ಒತ್ತಿದ್ರೆ ಹೆಸರಿನ ಹತ್ರ ಉದ್ದಕ್ಕೆ ಒಂದು ಐಡಿ ನಂಬರ್ ಇರತ್ತೆ, ಹೆಸರನ್ನ ಅವ್ನು ನಾಳೆ ಬದಲಾಯಿಸ್ಕೊಂಡ್ರೂ ಆ ನಂಬರ್ ಹಂಗೇ ಇರತ್ತೆ, ಕಂಪನಿಗೂ ಪೊಲೀಸಿಗೂ ಬೇಕಾಗೋದು ಅದು. ಕರೆಂಟ್ ಹೋಗಿ ಫೋನ್ ಆಫ್ ಆಗೋ ಮುಂಚೆ ಅದನ್ನ ಒಂದು ಚೀಟೀಲಿ ಬರ್ದಿಟ್ಕೊಂಡ್ಬಿಡಿ.